ಶರಣವ್ವನ ಹೇಳಿಕೆ ಬರೆದುಕೊಂಡವನು

ಕಾನೂನು ಓದುತ್ತಿರುವವರು ನನ್ನ ಬಳಿಗೆ ಬಂದು, ಕ್ರಿಮಿನಲ್ ಕೆಲಸದಲ್ಲಿ ಅವಕಾಶ ಎಲ್ಲೆಲ್ಲಿದೆ ಎಂದು ಕೇಳುತ್ತಾರೆ. ಸರ್ಕಾರದ ಪರ ವಾದಿಸಬಹುದು, ಆರೋಪಿಯ ಪರ ನಿಲ್ಲಬಹುದು, ಜೈಲಿಗೆ ಹೋಗಿ ವಕೀಲರಿಲ್ಲದವರ ಅರ್ಜಿ ಬರೆಯಬಹುದು, ಪರೀಕ್ಷೆ ಕಟ್ಟಿ ನ್ಯಾಯಾಧೀಶರಾಗಬಹುದು ಎಂದು ಹೇಳುತ್ತೇನೆ. ಅವರು ಬರೆದುಕೊಂಡು ಹೋಗುತ್ತಾರೆ. ಹೋದ ಮೇಲೆ, ಹೇಳಬೇಕಾಗಿದ್ದದ್ದು ಇದಲ್ಲ ಅನ್ನಿಸುತ್ತದೆ. ಈ ನಾಲ್ಕು ಬಗೆಯವರ ಮುಂದೆಯೂ ಕೊನೆಗೆ ಬಂದು ಬೀಳುವುದು ಒಂದು ಕಾಗದ. ಅದನ್ನು ಅವರಿಗಿಂತ ಮೊದಲು ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ನಾನು ಈ ವೃತ್ತಿಗೆ ಬಂದದ್ದು ಆ ಕಾಗದ ಬರೆಯುವವನಾಗಿ. ಆಮೇಲಿನ ನಲವತ್ತು ವರ್ಷಗಳಲ್ಲಿ ನಾನು ಏನೇನಾದೆ ಎಂಬುದು ಇಲ್ಲಿ ಬೇಡ.

ಇದನ್ನು ಹಿಂದೆ ಎರಡು ಸಲ ಬರೆದಿದ್ದೇನೆ. ಮೊದಲನೆಯದರಲ್ಲಿ ನಾನು ಧೈರ್ಯವಂತನಾಗಿದ್ದೆ. ಎರಡನೆಯದರಲ್ಲಿ ಪಶ್ಚಾತ್ತಾಪದಿಂದ ಬೆಂದು ಹೋಗಿದ್ದೆ. ಎರಡೂ ಓದಲು ಚೆನ್ನಾಗಿದ್ದವು, ಹಾಗಾಗಿ ಹರಿದು ಹಾಕಿದೆ. ಈ ಸಲ ನೆನಪಿರುವುದನ್ನು ಬರೆಯುತ್ತೇನೆ. ನೆನಪು ಕೈಕೊಡುವಲ್ಲಿ ಹಾಗೆಂದು ಹೇಳುತ್ತೇನೆ.

1947. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಕಡೆಗೆ ಬಂದಿರಲಿಲ್ಲ. ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಕೋರ್ಟಿನ ಭಾಷೆ ಉರ್ದು, ಕೋರ್ಟಿಗೆ ಬರುವವರ ಭಾಷೆ ಕನ್ನಡ. ನಡುವೆ ನಮ್ಮಂಥವರು ಬೇಕಾಗುತ್ತಿದ್ದರು. ನಾನು ವಕೀಲಿ ಪರೀಕ್ಷೆಗೆ ಓದುತ್ತ, ಖಾದರ್ ಸಾಹೇಬರೆಂಬ ಪೇಶ್ಕಾರರ ಕೈಕೆಳಗೆ ಉಮೇದವಾರನಾಗಿ ಸೇರಿಕೊಂಡೆ. ಪೇಶ್ಕಾರರೆಂದರೆ ನ್ಯಾಯಾಧೀಶರ ಪಕ್ಕ ಕೂತು ಕಾಗದಪತ್ರ ನೋಡುವವರು. ಉಮೇದವಾರನೆಂದರೆ ಸಂಬಳವಿಲ್ಲದೆ ಕೆಲಸ ಕಲಿಯುವವನು. ಖಾದರ್ ಸಾಹೇಬರಿಗೆ ಎಲ್ಲಿಗೆ ವರ್ಗವಾಯಿತೋ ಅಲ್ಲಿಗೆ ನಾನೂ ಹೋದೆ. ಒಂದು ವರ್ಷ ತುಂಬುವ ಮೊದಲೇ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆದವು. ನಾನು ಹೇಳಲಿರುವ ಪ್ರಕರಣ ಇವುಗಳಲ್ಲಿ ಯಾವ ಊರಿನ ಕೋರ್ಟಿನದು ಎಂದು ಹೇಳುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ, ನನ್ನದೊಂದನ್ನು ಬಿಟ್ಟು.

ಆಳಂದದಲ್ಲಿದ್ದ ಮುನಸಫರು, ಎಂದರೆ ಅಲ್ಲಿಯ ನ್ಯಾಯಾಧೀಶರು, ಸಾಕ್ಷಿ ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಾದನಹಿಪ್ಪರಗಾದಿಂದ ಬಂದಿದ್ದ ಒಬ್ಬ ರೈತ ಅರ್ಧ ಹೇಳಿ ನಿಲ್ಲಿಸಿಬಿಟ್ಟ. ಮುಂದೆ ಹೇಳು ಎಂದರೆ, “ಸಾಹೇಬ್ರು ಏಳ್ಲಿ ತಡೀರಿ, ಗಡಬಡಿ ಏನದ” ಅಂದ. ಖಾದರ್ ಸಾಹೇಬರು ಅದನ್ನು ಉರ್ದುವಿನಲ್ಲಿ ಮುನಸಫರಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತ ಗಡ್ಡ ಕೆರೆದುಕೊಂಡರು. ಹೇಳಲಿಲ್ಲ. ಸಾಕ್ಷಿ ಆಡಿದ ಮಾತಿಗೂ ದಾಖಲೆಗೆ ಹೋಗುವ ಮಾತಿಗೂ ನಡುವೆ ಒಬ್ಬ ಮನುಷ್ಯ ಗಡ್ಡ ಕೆರೆದುಕೊಳ್ಳುತ್ತ ಕೂತಿರುತ್ತಾನೆ ಎಂದು ನಾನು ಮೊದಲು ಕಂಡದ್ದು ಆಗ.

ಅಫಜಲಪುರದಲ್ಲಿದ್ದಾಗ ಕರಜಗಿಗೆ ಪಂಚನಾಮೆಗೆ ಹೋದೆ. ಎತ್ತು ಕಳವಾದ ಕೊಟ್ಟಿಗೆಯಿಂದ ದಾರಿಗೆ ಎಷ್ಟು ದೂರ ಎಂಬುದನ್ನು ಹೆಜ್ಜೆ ಹಾಕಿ ಅಳೆದು ನಲವತ್ತು ಎಂದು ಬರೆದೆ. ಮುಂದೆ ಇನ್ನೊಬ್ಬರು ಅಳೆದಾಗ ಐವತ್ತೆರಡು ಬಂತು. ಕೋರ್ಟಿನಲ್ಲಿ ಯಾರ ಹೆಜ್ಜೆ ಸರಿ ಎಂಬ ಪ್ರಶ್ನೆ ಎದ್ದಿತು. ಕೊಟ್ಟಿಗೆಯ ಮುದುಕ ನನ್ನ ಕಡೆ ಕೈ ಮಾಡಿ, “ಇಂವ ಎಳೇ ಹುಡುಗ್ರಿ, ಹೋರಿಗತೆ ಜಿಗದ ಜಿಗದ ನಡೀತಾನ” ಎಂದ. ಎಲ್ಲರೂ ನಕ್ಕರು. ಅಂದಿನಿಂದ ಚೀಲದಲ್ಲಿ ಗಂಟು ಹಾಕಿದ ಹಗ್ಗ ಇಟ್ಟುಕೊಂಡೆ. ಅಳತೆಯ ತಪ್ಪಿಗೆ ಹಗ್ಗ ಇದೆ.

ಖಾದರ್ ಸಾಹೇಬರು ಹೇಳಿಕೆ ಬರೆಯುವ ಕ್ರಮವೊಂದನ್ನು ಕಲಿಸಿದ್ದರು. ಸಾಕ್ಷಿ ಕಣ್ಣಾರೆ ಕಂಡದ್ದನ್ನೆಲ್ಲ ಮೊದಲು ಒಟ್ಟಿಗೆ ಬರೆಯಬೇಕು. ಕಿವಿಯಿಂದ ಕೇಳಿದ್ದನ್ನೆಲ್ಲ ಆಮೇಲೆ ಒಟ್ಟಿಗೆ ಬರೆಯಬೇಕು. ಕಂಡದ್ದಕ್ಕೆ ತೂಕ ಹೆಚ್ಚು, ಕೇಳಿದ್ದಕ್ಕೆ ಕಡಿಮೆ. ಮೇಲಿನವರಿಗೆ ಪುರುಸೊತ್ತು ಇರುವುದಿಲ್ಲ, ಮೊದಲ ನಾಲ್ಕು ಸಾಲಿನಲ್ಲಿ ತೂಕದ್ದು ಸಿಗಬೇಕು. “ಮಂದಿ ಬಾಜಾರದಾಗ ಚೀಲ ಸುರುವಿದಂಗ ಮಾತಾಡ್ತಾರ, ಗುರುಶಾಂತಾ,” ಎನ್ನುತ್ತಿದ್ದರು. “ಜ್ವಾಳ ಜ್ವಾಳಕ್ಕ, ತೊಗರಿ ತೊಗರಿಗೆ ಹಚ್ಚೂದು ನಮ್ಮ ಕೆಲಸ.” ನನಗೆ ಈ ಕೆಲಸ ಬಹಳ ಬೇಗ ಬಂತು. ಎರಡು ತಾಸು ಮಾತಾಡಿದ ಸಾಕ್ಷಿಯನ್ನು ಒಂದು ಪುಟಕ್ಕೆ ಇಳಿಸುತ್ತಿದ್ದೆ. ನನ್ನ ಹೇಳಿಕೆಗಳನ್ನು ಮುನಸಫರು ಹೊಗಳಿದ್ದುಂಟು.

1948ರ ಬೇಸಿಗೆಯಲ್ಲಿ ಒಂದು ಹಳ್ಳಿಯಲ್ಲಿ ಮಧ್ಯಾಹ್ನದ ಹೊತ್ತು ಕಣಿಕೆಯ, ಎಂದರೆ ಜೋಳದ ಒಣದಂಟಿನ, ಬಣವೆಗೆ ಬೆಂಕಿ ಬಿತ್ತು. ಬಣವೆಯ ಧಣಿಗೂ ಪಕ್ಕದ ಹೊಲದ ಮಲ್ಕಪ್ಪನಿಗೂ ಬದುವಿನ ಸಲುವಾಗಿ ಹಿಂದಿನ ವಾರ ಜಗಳವಾಗಿತ್ತು. ಮಲ್ಕಪ್ಪ ಓಡುವುದನ್ನು ಒಬ್ಬಳು ನೋಡಿದ್ದಳು, ಶರಣವ್ವ ಎಂಬ ನಡುವಯಸ್ಸಿನ ಹೆಂಗಸು. ಪೊಲೀಸರು ಮಲ್ಕಪ್ಪನನ್ನು ಹಿಡಿದು ತಂದರು. ಅವನು ಹೇಳಿದ್ದು ಇಷ್ಟೇ: ಬೆಂಕಿ ಎಂಬ ಕೂಗು ಕೇಳಿ ನೀರು ತರಲು ಬಾವಿಗೆ ಓಡಿದೆ. ಬಾವಿ ಇದ್ದದ್ದು ಊರು ಬಿಟ್ಟು ಹೋಗುವ ದಾರಿಯ ಮೇಲೆಯೇ. ಹೀಗಾಗಿ ಎಲ್ಲವೂ ಒಂದೇ ಸಂಗತಿಯ ಮೇಲೆ ನಿಂತಿತು. ಕೂಗಾದ ಮೇಲೆ ಓಡಿದ್ದರೆ ಅವನು ನೀರಿಗೆ ಓಡಿದ. ಕೂಗಿಗೂ ಮೊದಲೇ ಓಡಿದ್ದರೆ ಬೆಂಕಿ ಹಚ್ಚಿ ಓಡಿದ.

ಈಗ ನಾನು ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯುತ್ತೇನೆ. ಆ ದಿನ ಶರಣವ್ವನ ಹೇಳಿಕೆ ಬರೆದುಕೊಳ್ಳುವಾಗ ನನಗಿದು ಹೊಳೆದಿರಲಿಲ್ಲ. ಹೊಳೆದಿತ್ತೇ? ಇಲ್ಲ ಎಂದೇ ನಂಬಿದ್ದೇನೆ. ಮುನಸಫರಿಗೆ ಕನ್ನಡ ಬರುತ್ತಿರಲಿಲ್ಲ. ಖಾದರ್ ಸಾಹೇಬರಿಗೆ ಬೇರೆ ಕಾಗದಗಳಿದ್ದವು. ಶರಣವ್ವ ನನಗೆ ಹೇಳಿದಳು, ನಾನು ಬರೆದೆ.

“ನಾ ಗ್ವಾಡಿಗೆ ಕುಳ್ಳು ಬಡ್ಯಾಕತ್ತಿದ್ದೆನಪಾ. ನಮ್ಮ ಎಮ್ಮಿ ಎರಡು ದಿನದಿಂದ ಮೇವಿಗೆ ಬಾಯಿ ಹಚ್ಚಿದ್ದಿಲ್ಲ, ಅದs ಚಿಂತ್ಯಾಗ ಇದ್ದೆ. ಬೆಂಕಿ ಬೆಂಕಿ ಅಂತ ಮಂದಿ ಹೊಯ್ಕೊಂಡ್ರು. ಹೊಳ್ಳಿ ನೋಡ್ತೇನಿ, ಮಲ್ಕಪ್ಪ ಓಡಾಕತ್ತಾನ, ಧೋತರ ಕೈಯಾಗ ಹಿಡ್ಕೊಂಡು. ಬಣವ್ಯಾಗ ಹೊಗಿ ಎದ್ದಿತ್ತು.”

“ಕೇಳಿದಷ್ಟs ಹೇಳಬೇ. ಎಮ್ಮಿ ಸುದ್ದಿ ಬ್ಯಾಡ.”

“ಎಮ್ಮಿ ಇಲ್ಲದs ಹೆಂಡಿ ಎಲ್ಲಿಂದ ಬರ್ತದೋ ತಮ್ಮಾ? ಹೆಂಡಿ ಇಲ್ಲದs ನಾ ಅಲ್ಲಿ ಯಾಕ ನಿಂದ್ರಲಿ?”

ಹೊರಗೆ ಕೂತವರು ನಕ್ಕರು. ನಾನೂ ನಕ್ಕೆ. ಎಮ್ಮೆ, ಸಗಣಿ, ಗೋಡೆ ಮೂರನ್ನೂ ಬಿಟ್ಟೆ. ಉಳಿದದ್ದನ್ನು ಕಲಿಸಿದ ಕ್ರಮದಲ್ಲಿ ಉರ್ದುವಿನಲ್ಲಿ ಹಚ್ಚಿದೆ. ಸಾಕ್ಷಿಯು ಮಲ್ಕಪ್ಪನು ಓಡುವುದನ್ನು ಕಂಡಳು. ಬಣವೆಯಲ್ಲಿ ಹೊಗೆ ಏಳುವುದನ್ನು ಕಂಡಳು. ನಂತರ, ಜನರು ಬೆಂಕಿ ಎಂದು ಕೂಗಿದ್ದನ್ನು ಕೇಳಿದಳು. ‘ನಂತರ’ ಎಂದು ಅವಳು ಎಲ್ಲಿಯೂ ಹೇಳಿರಲಿಲ್ಲ. ಎರಡು ಭಾಗಗಳ ನಡುವೆ ಓದುವವರು ಎಡವಬಾರದೆಂದು ಅದನ್ನು ನಾನು ಸೇರಿಸಿದೆ.

ಖಾದರ್ ಸಾಹೇಬರು ಬರೆದದ್ದನ್ನು ಅವಳಿಗೆ ಕನ್ನಡದಲ್ಲಿ ತಿಳಿಸಿದರು. “ಮಲ್ಕಪ್ಪ ಓಡೂದು ನೋಡಿದಿ, ಹೌದಿಲ್ಲೋ?” “ಹೌದ್ರಿ.” “ಹೊಗಿ ನೋಡಿದಿ?” “ನೋಡೇನ್ರಿ.” “ಬೆಂಕಿ ಅಂತ ಮಂದಿ ಕೂಗಿದ್ದು ಕೇಳಿದಿ?” “ಕೇಳೇನ್ರಿ.” ಮೂರಕ್ಕೂ ಅವಳು ಹೇಳಿದ್ದು ನಿಜ. ಹೆಬ್ಬೆಟ್ಟು ಒತ್ತಿ, ಸಂತೆ ಇದೆ ಎಂದು ಅವಸರದಲ್ಲಿ ಹೋದಳು.

ಮಲ್ಕಪ್ಪನಿಗೆ ಆಗ ವಕೀಲರಿರಲಿಲ್ಲ. ಆಮೇಲೆ ಒಬ್ಬರು ಸಿಕ್ಕರು. ನಾವು ಅವರನ್ನು ರಾಯರು ಎನ್ನುತ್ತಿದ್ದೆವು. ಅವರು ಹೇಳಿಕೆಯ ನಕಲು ಕೇಳಿದರು. ನಕಲು ಮಾಡಿ ಕೊಟ್ಟವನೂ ನಾನೇ. ವರಾಂಡದಲ್ಲಿ ನಿಂತು ಓದಿ, ಕನ್ನಡಕ ತೆಗೆದು, “ಮುಗೀತಪಾ” ಎಂದರು. “ಮೊದ್ಲ ಓಡಿದ್ದು ನೋಡ್ಯಾಳ, ಆಮ್ಯಾಲ ಕೂಗು ಕೇಳ್ಯಾಳ. ನೀರಿಗೆ ಹೋಗಿದ್ದೆ ಅಂತ ಹೇಳ್ತಾನ ಇಂವ. ಬೆಂಕಿ ಅದ ಅಂತ ಮಂದಿ ಕೂಗೂಕಿಂತ ಮೊದ್ಲs ನೀರಿಗೆ ಹೋಗಾಂವ ಯಾಂವ?”

ಆಗ ತಿಳಿಯಿತು. ಎದೆ ಝಲ್ಲೆಂದಿತು ಎಂದು ಹಿಂದೆ ಬರೆದಿದ್ದೆ. ಅದು ಹಾಗಾಗಲಿಲ್ಲ. ಲೆಕ್ಕದ ಪರೀಕ್ಷೆ ಬರೆದು ಹೊರಗೆ ಬಂದ ಮೇಲೆ ತಪ್ಪು ಗೊತ್ತಾದ ಹಾಗೆ ಆಯಿತು. ಮೊದಲು ಹೊಳೆದದ್ದು ಇದು ಯಾರಿಗಾದರೂ ಗೊತ್ತಾಗುತ್ತದೆಯೇ ಎಂಬುದು. ಸಾಕ್ಷಿಯನ್ನು ಮತ್ತೆ ಕರೆಸಿ ಕೇಳಬೇಕೆಂದು ರಾಯರು ಅರ್ಜಿ ಕೊಡಬಹುದಿತ್ತು. ಅರ್ಜಿಗೆ ಕಾರಣ ಬೇಕು. ಕಾರಣ ಗೊತ್ತಿದ್ದವನು ನಾನೊಬ್ಬನೇ.

ಖಾದರ್ ಸಾಹೇಬರಿಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಹೇಳಿಕಿ ಮ್ಯಾಲ ಮುನಸಫ್ ಸಾಹೇಬ್ರ ದಸ್ಕತ್ ಬಿದ್ದದ. ಅದು ತಪ್ಪಂದ್ರ ಅವರು ತಪ್ಪು. ಅವರು ತಪ್ಪಂದ್ರ ಮೊದ್ಲ ಹೋಗಾಂವ ನೀ, ಆಮ್ಯಾಲ ನಾ. ವಕೀಲಿ ಮಾಡ್ಲಿಕ್ಕ ಬೇಕಾದ ಸನದಕ್ಕ ನಿನ್ನ ನಡತಿ ಛಲೋ ಅದ ಅಂತ ಬರೀಬೇಕಾದವರು ಯಾರು, ನೆನಪದ ಇಲ್ಲೋ?” ಕಾಗದದ ಕಟ್ಟು ಕಟ್ಟುತ್ತ, “ಮುಂದಿನ ತಾರೀಖಿಗೆ ಆಕಿ ಬರ್ತಾಳ. ಆಗ ನೋಡೋಣು” ಎಂದರು.

ಮುಂದಿನ ತಾರೀಖಿಗೆ ಅವಳು ಬರಲಿಲ್ಲ. ಆ ಬೇಸಿಗೆಯಿಂದ ಮಳೆಗಾಲದವರೆಗೆ ದಾರಿಗಳು ಸುರಕ್ಷಿತವಾಗಿರಲಿಲ್ಲ. ಸಂಸ್ಥಾನದ ಪರ ಆಯುಧ ಹಿಡಿದಿದ್ದ ರಜಾಕಾರರ ಭಯಕ್ಕೆ ಹಳ್ಳಿಗಳು ಖಾಲಿಯಾಗುತ್ತಿದ್ದವು. ಗಡಿಯಾಚೆ ಸೊಲ್ಲಾಪುರದ ಕಡೆಗೆ ಹೋದವರು ಬಹಳ. ಇಜೇರಿಯಲ್ಲಿದ್ದ ನನ್ನ ಅಕ್ಕನ ಮನೆಯವರೂ ಹೋದರು. ಸಾಕ್ಷಿಗಳು ಬರಲಿಲ್ಲ, ತಾರೀಖುಗಳು ಮುಂದೆ ಹೋದವು. ಮಲ್ಕಪ್ಪ ಬಂದಿಖಾನೆಯಲ್ಲಿದ್ದ. ಅವನ ಹೊಲ ಬಿತ್ತನೆಯಾಗಲಿಲ್ಲ. ಪ್ರತಿ ತಾರೀಖಿಗೂ ಅವನನ್ನು ಕರೆದು ತಂದು ನನ್ನ ಮೇಜಿನ ಎದುರು ನೆಲದ ಮೇಲೆ ಕೂರಿಸುತ್ತಿದ್ದರು. ನಾನು ತಲೆ ಎತ್ತದೆ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆನೋ ಒಂದೂ ನೆನಪಿಲ್ಲ. ಅವನು ಮಾತ್ರ ಒಮ್ಮೆ, “ಸಾಹೇಬ್ರ, ಶರಣವ್ವ ಬಂದಾಳೇನ್ರಿ?” ಎಂದು ಕೇಳಿದ. ಇಲ್ಲ ಎಂದೆ. “ಆಕಿ ಬಂದ್ರ ಬಿಡಸ್ತಾಳ. ಆಕಿಗಿ ಗೊತ್ತದ” ಎಂದ. ತನ್ನನ್ನು ಹಿಡಿದಿಟ್ಟದ್ದು ಆ ಶರಣವ್ವನ ಹೆಸರಿನ ಕಾಗದವೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ಕೆಲವು ವಾರ ಕೋರ್ಟು ನಡೆಯಲಿಲ್ಲ. ಹಳೆಯ ಮುನಸಫರು ಹೋದರು. ಧಾರವಾಡದ ಕಡೆಯ ಒಬ್ಬರು ಬಂದರು. ಅವರಿಗೆ ಕನ್ನಡ ಬರುತ್ತಿತ್ತು, ಉರ್ದು ಬರುತ್ತಿರಲಿಲ್ಲ. ಖಾದರ್ ಸಾಹೇಬರು ಕೆಲಸಕ್ಕೆ ಬರುವುದನ್ನು ಬಿಟ್ಟು ಗುಲಬರ್ಗಾದ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ಅವರು ಯಾರಿಗೂ ಕೇಡು ಮಾಡಿದವರಲ್ಲ. ಆದರೆ ರಜಾಕಾರರ ಮೇಲಿನ ಸಿಟ್ಟು ಮುಸಲ್ಮಾನರೆಲ್ಲರ ಮೇಲೆ ತಿರುಗಿದ್ದ ಆ ವಾರಗಳಲ್ಲಿ ಅದನ್ನು ವಿಚಾರಿಸಿ ನೋಡುವ ವ್ಯವಧಾನ ಎಲ್ಲರಿಗೂ ಇರಲಿಲ್ಲ.

ಹೊಸ ಮುನಸಫರಿಗೆ ಹಳೆಯ ಕಾಗದಗಳನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಂತು. ಶರಣವ್ವನ ಹೇಳಿಕೆಯ ಸರದಿಯೂ ಬಂತು. ಇಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ತುಂಬಿದ ಕೋರ್ಟಿನಲ್ಲಿ ಎದ್ದು ನಿಂತಿದ್ದೇನೆ. ಇನ್ನೊಂದರಲ್ಲಿ ಅವರು ವರಾಂಡದಲ್ಲಿ ಬೂಟು ಬಿಚ್ಚುತ್ತಿದ್ದಾರೆ, ನಾನು ಕಾಗದ ಹಿಡಿದು ಪಕ್ಕದಲ್ಲಿದ್ದೇನೆ. ಎರಡನೆಯದರಲ್ಲಿ ಬೂಟಿಗೆ ಕೆಸರಿದೆ, ಹಾಗಾಗಿ ಅದೇ ನಿಜವಿರಬೇಕು. ಮಾತು ಮಾತ್ರ ಎರಡರಲ್ಲೂ ಒಂದೇ. “ಆಕಿ ಹೇಳಿದ್ದು ಹಿಂಗಲ್ರಿ. ಇದನ್ನ ಹಿಂಗ ಹೊಂದಿಸಿ ಬರದಾಂವ ನಾ.”

ಅವರು ಎಲ್ಲವನ್ನೂ ಕೇಳಿದರು. “ಇದು ನಿನಗ ಯಾವಾಗ ಗೊತ್ತಾತು?”

“ಬ್ಯಾಸಗ್ಯಾಗ್ರಿ.”

“ಇಲ್ಲೀತನಕ ಏನ್ ಮಾಡ್ತಿದ್ದಿ?”

“ಸುಮ್ಮನಿದ್ದೆರಿ.”

“ನಿನ್ನ ಸನದಿಗೆ ಈಗ ನಾ ಬರೀಬೇಕು. ಗೊತ್ತದ ಏನು?”

“ಗೊತ್ತದರಿ.”

ಇದನ್ನು ಧೈರ್ಯ ಎಂದು ಓದಬೇಡಿ. ಹಳೆಯ ಮುನಸಫರು ಹೋಗಿದ್ದರು, ತಪ್ಪಾಯಿತು ಎಂದರೆ ಅದು ಹಿಂದಿನವರ ಕಾಲದ ತಪ್ಪು ಎನ್ನಿಸಿಕೊಳ್ಳುತ್ತಿತ್ತು. ಅವರು ಉಳಿದಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ.

ಮುನಸಫರು ಶರಣವ್ವನನ್ನೂ ಖಾದರ್ ಸಾಹೇಬರನ್ನೂ ಕರೆಸಲು ಹೇಳಿದರು. ಗುಲಬರ್ಗಾಕ್ಕೆ ನಾನೇ ಹೋದೆ. ಖಾದರ್ ಸಾಹೇಬರು ಬಾಗಿಲು ಅರ್ಧ ತೆರೆದು, ನಾನೆಂದು ಕಂಡ ಮೇಲೆ ಪೂರ್ತಿ ತೆರೆದರು. “ಬಂದು ಏನ್ ಹೇಳ್ಲೋ? ಈ ಹುಡುಗ ಕೆಟ್ಟ ಬರದಾನ ಅಂತ ಹೇಳ್ಲ್ಯಾ, ನಾನs ಕೆಟ್ಟ ಕಲ್ಸೀನಿ ಅಂತ ಹೇಳ್ಲ್ಯಾ?”

“ಯಾವುದು ಖರೆ ಅದನ್ನ ಹೇಳ್ರಿ.”

“ಎರಡೂ ಖರೆ ಅದಾವಲ್ಲೋ” ಎಂದು ಶೇರವಾನಿ ಹಾಕಿಕೊಂಡರು. ದಾರಿಯಲ್ಲಿ ಜನ ಅವರನ್ನು ನೋಡಿದರು. ಅವರು ಯಾರನ್ನೂ ನೋಡಲಿಲ್ಲ.

ಕೋರ್ಟಿನಲ್ಲಿ ಖಾದರ್ ಸಾಹೇಬರು ನಿಂತುಕೊಂಡೇ ಹೇಳಿದರು: ಕಂಡದ್ದು ಮೊದಲು, ಕೇಳಿದ್ದು ಆಮೇಲೆ ಬರೆಯುವ ಪದ್ಧತಿ ತಮ್ಮದು, ತಾವು ಹಾಗೇ ಕಲಿತದ್ದು, ಹಾಗೇ ಕಲಿಸಿದ್ದು, ಹುಡುಗ ಕಲಿಸಿದಂತೆ ಮಾಡಿದ. ನನ್ನ ಕಡೆಗೆ ಬರಬೇಕಾಗಿದ್ದ ಮಾತನ್ನು ಅವರು ಹೀಗೆ ತಮ್ಮ ಕಡೆಗೆ ಎಳೆದುಕೊಂಡರು. ಅದನ್ನು ನಾನು ಹಾಗೇ ಬರೆದುಕೊಂಡೆ.

ಆಮೇಲೆ ಶರಣವ್ವ. ಸೊಲ್ಲಾಪುರದ ಕಡೆಯಿಂದ ಆಗಷ್ಟೇ ಊರಿಗೆ ಮರಳಿದ್ದಳು. ಮುನಸಫರು ಕನ್ನಡದಲ್ಲೇ ಕೇಳಿದರು, ಅವಳು ಹೇಳಿದ ಹಾಗೆಯೇ ಬರೆಯಲು ನನಗೆ ಹೇಳಿದರು. ಗೋಡೆ, ಕುಳ್ಳು, ಎಮ್ಮೆ ಎಲ್ಲವನ್ನೂ ಬರೆದೆ. ಎಮ್ಮೆ ಈ ನಡುವೆ ಸತ್ತಿತ್ತು, ಅದನ್ನೂ ಬರೆದೆ.

“ಮೊದ್ಲ ಓಡೂದು ನೋಡಿದ್ಯೋ, ಮೊದ್ಲ ಕೂಗು ಕೇಳಿದ್ಯೋ?” ಎಂದು ಮುನಸಫರು ಕೇಳಿದರು.

ಶರಣವ್ವ ಅವರನ್ನೇ ನೋಡಿದಳು. “ಏನ್ ಕೇಳ್ತೀರಿ ಸಾಹೇಬ್ರ? ಗ್ವಾಡಿಗೆ ಮಾರಿ ಮಾಡಿ ನಿಂತಿದ್ದೆ. ಎರಡೂ ಕೈ ಹೆಂಡ್ಯಾಗ ಇದ್ದವು. ಕೂಗದs ನಾ ಯಾಕ ಹೊಳ್ಳಿ ನೋಡ್ಲಿ? ನನಗೇನು ಹಿಂದ ಹೆಡಕಿನಾಗ ಕಣ್ಣದಾವೇನ್ರಿ?”

ರಾಯರು ಕನ್ನಡಕ ಹಾಕಿಕೊಂಡು, ಕೇಳುವುದೇನೂ ಇಲ್ಲ ಎಂದರು. ಬೇರೆ ಸಾಕ್ಷಿ ಇರಲಿಲ್ಲ. ಎರಡು ದಿನದ ಮೇಲೆ ಮಲ್ಕಪ್ಪನನ್ನು ಬಿಡಲಾಯಿತು. ಹೇಳಿಕೆಗಳನ್ನು ಸಾಕ್ಷಿಯ ಮಾತಿನ ಕ್ರಮದಲ್ಲೇ, ಕನ್ನಡದಲ್ಲೇ ಬರೆಯಬೇಕೆಂದು ಮುನಸಫರು ನಮ್ಮ ಕೋರ್ಟಿಗೆ ಆದೇಶ ಮಾಡಿದರು. ಖಾದರ್ ಸಾಹೇಬರು ಮತ್ತೆ ಕೆಲಸಕ್ಕೆ ಬರಲಿಲ್ಲ. ನನ್ನ ಸನದು ಒಂದು ವರ್ಷ ತಡವಾಯಿತು, ಆಮೇಲೆ ಬಂತು.

ಹೊಸಬರಿಗೆ ನಾನು ಹೇಳಬೇಕಾದದ್ದು ಇಲ್ಲಿಗೆ ಮುಗಿಯಬೇಕಿತ್ತು. ಹಿಂದೆ ಬರೆದ ಎರಡೂ ಸಲ ಇಲ್ಲಿಗೇ ಮುಗಿಸಿದ್ದೆ.

ಬಿಡುಗಡೆಯಾದ ದಿನ ಮಲ್ಕಪ್ಪ ಊರಿಗೆ ಹೋಗಲಿಲ್ಲ. ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ, ತಮ್ಮ ತಮ್ಮ ಸರದಿಗೆ ಕಾಯುತ್ತಿದ್ದ ಜನರ ನಡುವೆ ಕೂತಿದ್ದ. ನಾನು ಹೊರಗೆ ಬಂದಾಗ ಎದ್ದು ನಿಂತ. ಹೇಳಿಕೆ ಬರೆದವನು ನಾನೆಂಬುದು ಅವನಿಗೆ ಆ ವೇಳೆಗೆ ತಿಳಿದಿತ್ತು.

“ಒಂದು ಚೀಟಿ ಬರದು ಕೊಡ್ರಿ” ಎಂದ. “ಹೊಸ ರಾಜ್ಯ ಬಂತಂತ ಎಲ್ಲಾ ಕಳ್ಳರನ್ನೂ ಬಿಟ್ಟಾರ, ಇವನ್ನೂ ಬಿಟ್ಟಾರ ಅಂತಾರ ಊರಾಗ ಮಂದಿ. ನನ್ನ ಬಾಯಿ ಮಾತು ಯಾರು ಕೇಳ್ತಾರ?”

ಮರದ ಬುಡದಲ್ಲಿ ಕೂತು ಬರೆದೆ. ಮಲ್ಕಪ್ಪ ಬಣವೆಗೆ ಬೆಂಕಿ ಹಚ್ಚಲಿಲ್ಲ. ಕೂಗು ಕೇಳಿ ನೀರಿಗೆ ಓಡಿದ. ಹೇಳಿಕೆ ಬರೆಯುವಾಗ ಆದ ತಪ್ಪಿನಿಂದಾಗಿ ಇಷ್ಟು ದಿನ ಬಂದಿಖಾನೆಯಲ್ಲಿರಬೇಕಾಯಿತು. ಅವನಿಗೆ ಓದಿ ಹೇಳಿದೆ.

“ತಪ್ಪು ತಾನs ಆತೇನ್ರಿ?”

ನಾನು ಅವನ ಮುಖ ನೋಡಿದೆ. ಅವನಿಗೆ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳುತ್ತಿದ್ದ.

“ಮಾಡಿದವರ ಹೆಸರು ಹಾಕ್ರಿ. ಅಪ್ಪನ ಹೆಸರು, ಊರು. ನಮ್ದೆಲ್ಲಾ ಕೇಳಿ ಬರ್ಕೋತೀರಲ್ಲ, ಹಂಗ.”

ಖಾದರ್ ಸಾಹೇಬರ ಪದ್ಧತಿ ಎಂದು ಬರೆಯಬಹುದಿತ್ತು. ಅವರೇ ಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ಆ ಯೋಚನೆ ಬಂತು. ಎಷ್ಟು ಹೊತ್ತು ಇತ್ತೋ ಹೇಳಲಾರೆ. ಆಮೇಲೆ ಮೂರನೆಯ ವಾಕ್ಯವನ್ನು ಹೊಡೆದು ಹಾಕಿ, ನನ್ನ ಹೆಸರು, ತಂದೆಯ ಹೆಸರು, ಊರು ಸೇರಿಸಿ ಮತ್ತೆ ಬರೆದು ಅವನ ಕೈಗೆ ಕೊಟ್ಟೆ. ಅವನು ತೆಗೆದುಕೊಳ್ಳಲಿಲ್ಲ.

“ಇನ್ನೊಮ್ಮೆ ಓದ್ರಿ. ಎದ್ದು ನಿಂತು ಜೋರಾಗಿ ಓದ್ರಿ. ಇವರೆಲ್ಲಾ ಆ ಕಡಿ ಊರಾವ್ರs ಅದಾರ, ಇವರೂ ಕೇಳ್ಲಿ.”

ಎದ್ದು ನಿಂತು ಓದಿದೆ. ಓದಿ ಮುಗಿಸಿದಾಗ, ಹಿಂದೆ ಕೂತಿದ್ದ ಒಬ್ಬ ಮುದುಕ ಕಿವಿಗೆ ಕೈ ಹಚ್ಚಿ ಕೇಳಿದ: “ಯಾರಪಾ ಅಂವ, ಗುರುಶಾಂತಪ್ಪ ಅಂದ್ರ?”

ನಾನೇ, ಎಂದೆ.